ಶಾರ್ದೂಲ್ ತರಲು ಮೇಳಿಗೆಗೆ ಹೋದದ್ದು

ಹನ್ನೊಂದು ವರ್ಷದ ಹಿಂದೆ ಒಂದು ಬೆಳಗ್ಗೆ ನಾನು ಹಾಸಿಗೆಯಿಂದ ಎದ್ದು ಹೊರಗೆ ಬಂದು ಅಣ್ಣನಿಗೆ ಒಂದು ಮಾತು ಹೇಳಬೇಕಿತ್ತು. ಗಾಡಿಗೆ ಬರೀ ಪೆಟ್ರೋಲ್ ಹಾಕಿದ್ದೇನೆ, ಎಣ್ಣೆ ಬೆರೆಸಿಲ್ಲ ಎಂಬಷ್ಟೇ ಮಾತು. ಹೇಳಲಿಲ್ಲ. ಎಚ್ಚರವಾಗಿಯೇ ಇದ್ದೆ. ಅಂಗಳದಲ್ಲಿ ಅವನು ಕಿಕ್ ಹೊಡೆದ ಸದ್ದು ಕೇಳಿಸಿತು. ಅಪ್ಪ ಹಿಂದೆ ಕೂರುತ್ತಾ ಕೆಮ್ಮಿದ್ದೂ ಕೇಳಿಸಿತು. ಚಳಿ ಇತ್ತು. ಕಂಬಳಿ ಎಳೆದುಕೊಂಡೆ.

ಶಾರ್ದೂಲ್ ಮೋಟಾರ್ ಸೈಕಲ್ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಕಂಪನಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು. ಅದು ಹಳೇ ಕಾಲದ ಟೂ-ಸ್ಟ್ರೋಕ್ ಇಂಜಿನ್ನು. ಪ್ರತಿ ಸಲ ಪೆಟ್ರೋಲ್ ಹಾಕುವಾಗಲೂ ಅಳತೆ ಮಾಡಿ ಎಣ್ಣೆ ಬೆರೆಸಬೇಕು. ಬೆರೆಸದಿದ್ದರೆ ಒಳಗೆ ಪಿಸ್ಟನ್ ಒಣಗಿ, ಬಿಸಿಯಾಗಿ, ಓಡುತ್ತಿರುವಾಗಲೇ ಹಿಡಿದುಕೊಳ್ಳುತ್ತದೆ. ಆಗ ಹಿಂದಿನ ಚಕ್ರ ತಟ್ಟನೆ ನಿಂತುಬಿಡುತ್ತದೆ.

ಹಿಂದಿನ ಸಂಜೆ ನಾನು ಅಣ್ಣನನ್ನು ಕೇಳದೆ ಅವನ ಶಾರ್ದೂಲ್ ತೆಗೆದುಕೊಂಡು ಕೆಳದಿಗೆ ಹೋಗಿದ್ದೆ. ಬರುವಾಗ ದಾರಿಯಲ್ಲಿ ಪೆಟ್ರೋಲ್ ಮುಗಿಯಿತು. ಒಂದು ಗೂಡಂಗಡಿಯಲ್ಲಿ ಬಾಟಲಿಯಲ್ಲಿ ಪೆಟ್ರೋಲ್ ಮಾರುತ್ತಿದ್ದರು. ಎರಡು ಲೀಟರ್ ಹಾಕಿಸಿದೆ. ಎಣ್ಣೆ ಅವರ ಹತ್ತಿರ ಇರಲಿಲ್ಲ. ಮನೆ ಮುಟ್ಟಿ ಹಾಕಿದರಾಯಿತು ಎಂದುಕೊಂಡೆ. ಮನೆಯಲ್ಲಿ ಅಣ್ಣ ಇನ್ನೂ ತನ್ನ ಸೈಕಲ್ ರಿಪೇರಿ ಮಳಿಗೆಯಿಂದ ಬಂದಿರಲಿಲ್ಲ, ಎಣ್ಣೆಯ ಡಬ್ಬಿಯೂ ಅಲ್ಲೇ ಇತ್ತು. ಗಾಡಿ ಇದ್ದ ಜಾಗದಲ್ಲೇ ನಿಲ್ಲಿಸಿದೆ. ಬೆಳಗ್ಗೆ ಹೇಳೋಣ, ಬೈದರೆ ಬೈಸಿಕೊಳ್ಳೋಣ ಎಂದು ಮಲಗಿದೆ.

ಬೆಳಗ್ಗೆ ಅವನು ಅಪ್ಪನನ್ನು ಕೂರಿಸಿಕೊಂಡು ಹೊಸನಗರದ ಅಕ್ಕನ ಮನೆಗೆ ಹೊರಟ. ಬಟ್ಟೆಮಲ್ಲಪ್ಪ ದಾಟಿ ಒಂದು ಮೋರಿಯ ಹತ್ತಿರ ಚಕ್ರ ಹಿಡಿದುಕೊಂಡಿತು. ಅಣ್ಣನ ಬಲಮಂಡಿ ಹೋಯಿತು, ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಅಪ್ಪನ ತಲೆ ಮೋರಿಯ ಕಲ್ಲಿಗೆ ಬಡಿಯಿತು. ನಾಲ್ಕನೇ ದಿನ ಅಪ್ಪ ಹೋದರು.

ಆಮೇಲೆ ಮೆಕ್ಯಾನಿಕ್ ಇಂಜಿನ್ ಬಿಚ್ಚಿ ಪಿಸ್ಟನ್ ಕೈಯಲ್ಲಿ ಹಿಡಿದು, "ಗಣಪತಣ್ಣ, ಎಣ್ಣೆ ಹಾಕಿರ್ಲಿಲ್ವಾ?" ಎಂದು ಕೇಳಿದ. ಊರುಗೋಲು ಹಿಡಿದು ನಿಂತಿದ್ದ ಅಣ್ಣ ಬಹಳ ಹೊತ್ತು ಯೋಚಿಸಿದ. "ಹಾಕಿದ್ದೆ ಅಂತ್ಲೇ ನೆನಪು. ಮರ್ತಿರ್ಬೇಕು" ಎಂದ. ನಾನು ಪಕ್ಕದಲ್ಲೇ ಇದ್ದೆ. ಅವತ್ತಿನಿಂದ ಅವನು ಆ ಮಾತನ್ನೇ ನಂಬಿದ. ಪ್ರತಿ ವರ್ಷ ಅಪ್ಪನ ತಿಥಿಯ ದಿನ ನೆಂಟರ ಎದುರು, "ನನ್ನ ಮರೆವಿಗೆ ಅಪ್ಪ ಹೋದ್ರು" ಎನ್ನುತ್ತಾನೆ. ನಾನು ಎಲೆ ಹಾಕುತ್ತಲೋ ನೀರು ಬಡಿಸುತ್ತಲೋ ಇರುತ್ತೇನೆ. ಆ ದಿನದ ಮೇಲೆ ಅವನು ಯಾವ ಗಾಡಿಯನ್ನೂ ಓಡಿಸಿಲ್ಲ.

ನಾನು ಓದಿದ್ದು ಏಳನೇ ತರಗತಿ. ಅಕ್ಕಿ ಗಿರಣಿಯಲ್ಲಿ ಕೆಲಸ. ಕಳೆದ ಡಿಸೆಂಬರಿನಲ್ಲಿ ಗಿರಣಿಗೆ ಬಂದ ಲಾರಿ ಡ್ರೈವರೊಬ್ಬ, ತೀರ್ಥಹಳ್ಳಿ ಆಚೆ ಮೇಳಿಗೆಯಲ್ಲಿ ಒಬ್ಬರು ಹಿರಿಯರ ಹತ್ತಿರ ಶಾರ್ದೂಲ್ ಇದೆ, ಕೊಡುತ್ತಾರಂತೆ ಎಂದ. ಆ ಗಾಡಿ ಅಣ್ಣನಿಗೆ ತೆಗೆಸಿಕೊಟ್ಟರೆ, ಬಾಯಲ್ಲಿ ಹೇಳಲಾಗದ್ದು ಹೇಗೋ ಮುಚ್ಚಿಹೋಗುತ್ತದೆ ಎಂದು ನನಗೆ ಅನ್ನಿಸಿತು. ಈಗ ಬರೆಯುವಾಗ ಅದು ಎಂಥ ಯೋಚನೆ ಎಂದು ನನಗೇ ಗೊತ್ತಾಗುತ್ತದೆ. ಅಣ್ಣನಿಗೆ ಹೇಳಿದೆ. ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ಓಡ್ತದಾ?" ಎಂದ.

"ಓಡ್ತದಂತೆ."

"ನಂಗೆ ಓಡ್ಸಕ್ಕಾಗಲ್ಲ. ನೀ ಓಡ್ಸ್ತೀಯಾದ್ರೆ ಹಿಂದೆ ಕೂರ್ತೀನಿ" ಎಂದ. ಹನ್ನೊಂದು ವರ್ಷದಲ್ಲಿ ಅವನು ಬೇಕು ಎಂದದ್ದು ಅದೊಂದೇ.

ಒಂದು ಭಾನುವಾರ ಬೆಳಗ್ಗೆ ಆರೂವರೆಗೆ ಸಾಗರದ ಬಸ್‌ಸ್ಟ್ಯಾಂಡಿನಿಂದ ಹೊರಟೆವು. ಮಂಜು ಬಿದ್ದಿತ್ತು. ಬರುವಾಗ ಗಾಡಿಯಲ್ಲಿ ಬರುವುದೆಂದು ಇಬ್ಬರ ಕೈಯಲ್ಲೂ ಹೆಲ್ಮೆಟ್ ಇತ್ತು. ಕಂಡಕ್ಟರ್ ಚೀಟಿ ಹರಿಯುತ್ತಾ, "ಎಂತ ಮಾರಾಯ್ರೆ, ನಮ್ಮ ಬಸ್ಸಿನ ಮೇಲೆ ಇಷ್ಟೂ ನಂಬಿಕೆ ಇಲ್ವಾ?" ಎಂದ. ಹಿಂದಿನ ಸೀಟಿನ ಹೆಂಗಸರು ನಕ್ಕರು. ಅಣ್ಣನೂ ಸ್ವಲ್ಪ ನಕ್ಕ. ಹೊಸನಗರಕ್ಕೆ ಮೂವತ್ತು ಮೂವತ್ತೈದು ಕಿಲೋಮೀಟರ್. ಇಬ್ಬರಿಗೂ ಸೇರಿ ನೂರು ರೂಪಾಯಿಗೆ ಚಿಲ್ಲರೆ ವಾಪಸು ಬಂತು.

ಅಣ್ಣ ಕಿಟಕಿಯ ಪಕ್ಕ ಕಾಲು ಚಾಚಿ ಕೂತಿದ್ದ. ಬಟ್ಟೆಮಲ್ಲಪ್ಪದಲ್ಲಿ ಬಸ್ಸು ಐದು ನಿಮಿಷ ನಿಂತಿತು. ಅಲ್ಲಿಂದ ಹೊರಟ ಮೇಲೆ ಅವನು ಮಾತು ನಿಲ್ಲಿಸಿದ. ಮೋರಿ ಹತ್ತಿರ ಬರುತ್ತಿದ್ದಂತೆ ಎರಡೂ ಕಾಲನ್ನು ಚಪ್ಪಲಿಯಿಂದ ಹೊರಗೆ ತೆಗೆದು ಬಸ್ಸಿನ ತಣ್ಣನೆಯ ತಗಡಿನ ಮೇಲೆ ಇಟ್ಟ. ದೇವಸ್ಥಾನದ ಎದುರು ಹೋಗುವಾಗ ಕೆಲವರು ಮಾಡುವ ಹಾಗೆ. ಮೋರಿ ಹಿಂದೆ ಹೋದ ಮೇಲೆ ಮತ್ತೆ ಚಪ್ಪಲಿ ಹಾಕಿಕೊಂಡ. ಈ ದಾರಿಯಲ್ಲಿ ಬಂದಾಗಲೆಲ್ಲ ಹೀಗೆ ಮಾಡುತ್ತಾನೆಂದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅವನ ಜೊತೆ ಈ ದಾರಿಯಲ್ಲಿ ಬಾರದ ಹಾಗೆ ನಾನು ಏನಾದರೊಂದು ನೆಪ ಹೇಳುತ್ತಿದ್ದೆ.

ಹೊಸನಗರದಲ್ಲಿ ಇಳಿದು ಹೋಟೆಲಿನಲ್ಲಿ ಬನ್ಸ್ ತಿಂದು ಚಾ ಕುಡಿದೆವು. ಕೋಣಂದೂರಿನ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸು ಅರ್ಧ ಗಂಟೆ ತಡವಾಗಿ ಬಂತು. ದಾರಿಯುದ್ದಕ್ಕೂ ಕೊಯ್ದ ಗದ್ದೆಗಳು, ಹುಲ್ಲು ಹೊತ್ತ ಗಾಡಿಗಳು. ಅಣ್ಣ ಆಗ ಬಹಳ ಮಾತಾಡಿದ. ಹಳೇ ಗಾಡಿ ಕೊಳ್ಳುವಾಗ ಎಲ್ಲಿ ನೋಡಬೇಕು ಎಂದು ನನಗೆ ಪಾಠ ಹೇಳಿದ. ತಣ್ಣಗಿರುವಾಗ ಮೊದಲ ಕಿಕ್ಕಿಗೆ ಏನು ಹೇಳುತ್ತದೆ ಕೇಳಬೇಕಂತೆ. ಹೊಗೆ ನೀಲಿಯಾಗಿರಬೇಕಂತೆ, ಕಪ್ಪಾಗಿರಬಾರದಂತೆ. ಟ್ಯಾಂಕಿನೊಳಗೆ ಬೆರಳು ಹಾಕಿ ತುಕ್ಕು ನೋಡಬೇಕಂತೆ. "ಸಾಮಾನು ಎಲ್ಲೂ ಸಿಗಲ್ಲ ಮಂಜ. ಒಂದು ಕೇಬಲ್ ಹರಿದ್ರೂ ನಾವೇ ಮಾಡ್ಕಬೇಕು. ಆದ್ರೂ ಅದರ ಸದ್ದು ಬೇರೆ ಯಾವ ಗಾಡಿಗೂ ಇಲ್ಲ ನೋಡು" ಎಂದ. ನಾನು ಹೂಂಗುಟ್ಟುತ್ತಾ ಕೂತಿದ್ದೆ.

ತೀರ್ಥಹಳ್ಳಿ ಮುಟ್ಟುವಾಗ ಹತ್ತು ಗಂಟೆ ಆಗಿತ್ತು. ಮಂಜು ಕರಗಿ ಬಿಸಿಲು ಚುರುಕಾಗಿತ್ತು. ಅಲ್ಲಿಂದ ಮೇಳಿಗೆಗೆ ಎಂಟು ಹತ್ತು ಕಿಲೋಮೀಟರ್. ಬಸ್ಸಿಗೆ ಕಾಯದೆ ಆಟೋ ಮಾಡಿಕೊಂಡೆವು.

ಗಾಡಿಯ ಯಜಮಾನರು ಪದ್ಮಯ್ಯನವರು. ಜೈನರು, ಎಂಬತ್ತರ ಹತ್ತಿರದವರು. ಮೊದಲು ಜವಳಿ ವ್ಯಾಪಾರ ಮಾಡುತ್ತಿದ್ದರಂತೆ. ಶಾರ್ದೂಲಿನ ಹಿಂದೆ ಬಟ್ಟೆಯ ಗಂಟು ಕಟ್ಟಿಕೊಂಡು ನಲವತ್ತು ವರ್ಷ ಊರೂರು ತಿರುಗಿದ್ದರಂತೆ. ಈಗ ಕಣ್ಣು ಮಂಜು. ನಾವು ಹೋದಾಗ ಗಾಡಿಯನ್ನು ಆಗಲೇ ಅಂಗಳದಲ್ಲಿ ತೊಳೆದು ನಿಲ್ಲಿಸಿದ್ದರು. ಕಡುಗೆಂಪು ಟ್ಯಾಂಕು, ಅಣ್ಣನದಕ್ಕೆ ಇದ್ದ ಹಾಗೆಯೇ ಎರಡೂ ಕಡೆ ಉದ್ದನೆಯ ಸೈಲೆನ್ಸರ್. ನಾನು ಅದರ ಮುಖ ನೋಡಲಾರದೆ ಬಾವಿಕಟ್ಟೆಯ ಕಡೆ ನೋಡಿದೆ.

ಅವರ ಹೆಂಡತಿ ಬಿಸಿನೀರು, ಬೆಲ್ಲ ತಂದಿಟ್ಟರು. "ತಗಂಡ್ಹೋಗಿ ಮಾರಾಯ್ರೆ. ನಂಗೆ ಸೀರೆ ತಂದ ದಿನ ಇವ್ರಿಗೆ ಒಂದೂ ನೆನಪಿಲ್ಲ. ಇದಕ್ಕೆ ಪ್ಲಗ್ ಹಾಕ್ಸಿದ ದಿನ ಎಲ್ಲಾ ಬಾಯಿಪಾಠ" ಎಂದರು.

"ಸೀರೆ ದಾರೀಲಿ ನಿಲ್ಲಲ್ಲ ಕಣೇ" ಎಂದರು ಪದ್ಮಯ್ಯನವರು.

ಅಣ್ಣ ಗಾಡಿಯ ಸುತ್ತ ಎರಡು ಸಲ ಕುಂಟುತ್ತಾ ತಿರುಗಿದ. ಸರಪಳಿ ಎತ್ತಿ ನೋಡಿದ, ಟ್ಯಾಂಕಿನೊಳಗೆ ಬೆರಳು ಹಾಕಿ ಮೂಸಿದ. ನನ್ನಿಂದ ಕಿಕ್ ಹೊಡೆಸಿದ. ಮೂರನೆಯದಕ್ಕೆ ಹಿಡಿಯಿತು. ಆ ಸದ್ದಿಗೆ ಅಣ್ಣ ಕಣ್ಣು ಮುಚ್ಚಿದ. ನಾನೂ ಮುಚ್ಚಿದೆ. ನನಗೆ ಕೇಳಿಸಿದ್ದು ಹನ್ನೊಂದು ವರ್ಷದ ಹಿಂದಿನ ಅಂಗಳ.

ಬೆಲೆ ಲಾರಿಯವನು ಹೇಳಿದ್ದೇ, ನಲವತ್ತು ಸಾವಿರ. ಚೌಕಾಸಿ ಆಗಲಿಲ್ಲ. ಆರ್.ಸಿ. ಪುಸ್ತಕ, ಹೆಸರು ಬದಲಿಸುವ ಅರ್ಜಿ ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ತಯಾರಿತ್ತು. ಆದರೆ ಸಹಿ ಹಾಕುವ ಮೊದಲು ಪದ್ಮಯ್ಯನವರು ಒಳಗಿನಿಂದ ಒಂದು ಕ್ಯಾನು, ಎಣ್ಣೆಯ ಡಬ್ಬಿ, ಒಂದು ಚಿಕ್ಕ ಸ್ಟೀಲ್ ಲೋಟ ತರಿಸಿದರು. ಲೋಟದ ಒಳಗೆ ಮೊಳೆಯಲ್ಲಿ ಗೀರಿದ ಒಂದು ಗೆರೆ ಇತ್ತು.

"ನಿಮಗಿಂತ ಮುಂಚೆ ಮೂರು ಜನ ಬಂದಿದ್ರು. ಒಬ್ಬನಿಗೂ ಕೊಡ್ಲಿಲ್ಲ. ಒಂದು ಲೀಟರ್ ಪೆಟ್ರೋಲಿಗೆ ಈ ಗೆರೆ ತನಕ ಎಣ್ಣೆ. ಮೊದಲು ಕ್ಯಾನಲ್ಲಿ ಬೆರೆಸಿ ಕುಲುಕ್ಬೇಕು, ಆಮೇಲೆ ಟ್ಯಾಂಕಿಗೆ. ನನ್ನೆದುರು ಬೆರೆಸಿ ತೋರ್ಸಿ. ಬೆರೆಸಕ್ಕೆ ಬರದವ್ರಿಗೆ ಇದನ್ನ ಕೊಟ್ರೆ, ಬಾವಿಗೆ ನೂಕಿದ ಪಾಪ ನಂಗೆ ಬತ್ತದೆ" ಎಂದು ಲೋಟವನ್ನು ಅಣ್ಣನ ಕಡೆ ಚಾಚಿದರು.

ಅಣ್ಣ ಎರಡು ಹೆಜ್ಜೆ ಹಿಂದೆ ಹೋದ.

"ನಾ ಮುಟ್ಟಲ್ಲ ಅಯ್ಯಾ" ಎಂದ. "ನಾ ಒಂದ್ಸಲ ಮರ್ತವ. ಇಂಥದ್ದೇ ಗಾಡಿ. ಅಪ್ಪ ಹಿಂದೆ ಕೂತಿದ್ರು. ಹೋದ್ರು."

 ಮುದುಕಿ ಸೆರಗು ಬಾಯಿಗೆ ಹಿಡಿದರು. ಆಗ ನಾನು ಬಾಯಿ ತೆರೆಯಬೇಕಿತ್ತು. ಅಷ್ಟು ಸಲೀಸಾದ ಹೊತ್ತು ಇನ್ನೊಂದು ಬರುವುದಿಲ್ಲ. ನಾನು ಇನ್ನೊಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡೆ.

ಪದ್ಮಯ್ಯನವರು ಆ ಮಬ್ಬುಗಣ್ಣಿನಲ್ಲೇ ಅಣ್ಣನ ಕಡೆ ನೋಡಿದರು. ಆಮೇಲೆ ಲೋಟವನ್ನು ನನ್ನ ಕಡೆ ತಿರುಗಿಸಿದರು. "ಹಂಗಾದ್ರೆ ಈ ಕೆಲಸ ನಿಂದು ತಮ್ಮಾ. ಅಣ್ಣನ ಕೈಗೆ ಯಾವತ್ತೂ ಕೊಡ್ಬೇಡ. ಹೂಂ, ಬೆರೆಸು."

ನಾನು ತೆಗೆದುಕೊಂಡೆ. ಗೆರೆಗೆ ಸರಿಯಾಗಿ ಎಣ್ಣೆ ಸುರಿದೆ, ಕ್ಯಾನು ಕುಲುಕಿದೆ, ಒಂದು ಹನಿ ಚೆಲ್ಲದೆ ಟ್ಯಾಂಕಿಗೆ ಬಗ್ಗಿಸಿದೆ. ಅಪ್ಪನನ್ನು ಕಳೆದ ಮೇಲೆ ಆ ಅಳತೆಯನ್ನು ನಾನು ಎಷ್ಟು ಸಾವಿರ ಸಲ ಮನಸ್ಸಿನಲ್ಲಿ ಸುರಿದಿದ್ದೇನೋ. 

"ಇವನ ಕೈ ನಂಬ್ಬೋದು" ಎಂದು ಪದ್ಮಯ್ಯನವರು ಸಹಿ ಹಾಕಿದರು. ಕ್ಯಾನು, ಲೋಟ ಎರಡನ್ನೂ ನನಗೇ ಕೊಟ್ಟರು. ಅಣ್ಣ ನನ್ನ ಬೆನ್ನು ತಟ್ಟಿದ.

ಊಟ ಮಾಡಿಸದೆ ಬಿಡಲಿಲ್ಲ. ಅನ್ನ, ಸಾರು, ಬಾಳೆಕಾಯಿ ಪಲ್ಯ, ಮಜ್ಜಿಗೆ.  ಒಂದು ಗಂಟೆಗೆ ಹೊರಟೆವು. ಗಾಡಿ ರಸ್ತೆಗೆ ಇಳಿಯುವಾಗ ಮುದುಕರು ಕಿವಿ ಕೊಟ್ಟು ನಿಂತಿದ್ದರು. ತಿರುವು ದಾಟುವ ತನಕ ಹಾಗೇ ನಿಂತಿದ್ದಿರಬೇಕು.

ತೀರ್ಥಹಳ್ಳಿಯಲ್ಲಿ ಗಾಳಿ ಹಾಕಿಸಿಕೊಂಡು, ಕೋಣಂದೂರಿನ ದಾರಿ ಹಿಡಿದೆವು. ನಾನು ಮುಂದೆ, ಅಣ್ಣ ಹಿಂದೆ, ಅಪ್ಪ ಕೂತಿದ್ದ ಜಾಗದಲ್ಲಿ. ಅವನ ಮಡಚದ ಕಾಲು ನನ್ನ ಕಾಲಿನ ಪಕ್ಕ ಉದ್ದಕ್ಕೆ ಚಾಚಿತ್ತು. "ಕ್ಲಚ್ಚಿನ ಮೇಲೆ ಎರಡು ಬೆರಳು ಯಾವಾಗ್ಲೂ ಇರ್ಲಿ. ಹಿಡ್ಕಂತು ಅಂತ ಗೊತ್ತಾದ ತಕ್ಷಣ ಒತ್ತಿದ್ರೆ ಚಕ್ರ ಬಿಡ್ತದೆ. ನಂಗೆ ಅವತ್ತು ಆಗ್ಲಿಲ್ಲ" ಎಂದ. ಐದಾರು ಕಿಲೋಮೀಟರಿಗೊಮ್ಮೆ ನನ್ನ ಭುಜದ ಮೇಲಿಂದ ಬಗ್ಗಿ ನನ್ನ ಬೆರಳು ನೋಡುತ್ತಿದ್ದ. ಉಳಿದ ಹೊತ್ತು ಇಂಜಿನ್ನಿನ ಸದ್ದು ಕೇಳುತ್ತಾ ಖುಷಿಯಾಗಿದ್ದ. ಒಂದು ಇಳಿಜಾರಿನಲ್ಲಿ ಅವನು ಶಿಳ್ಳೆ ಹಾಕಿದ್ದು ಕೇಳಿಸಿತು. ಅಪ್ಪ ಇದ್ದಾಗ ಹಾಕುತ್ತಿದ್ದ ಹಾಗೆ. ಅವನು ಸುಮ್ಮನಿದ್ದಿದ್ದರೆ ಸಾಗರದ ತನಕ ನಾನು ತಡೆದುಕೊಳ್ಳುತ್ತಿದ್ದೆನೋ ಏನೋ.

ಹೊಸನಗರದ ಬಂಕಿನಲ್ಲಿ ನಿಲ್ಲಿಸಿದೆವು. ಬಂಕಿನ ಕೆಲಸಗಾರ ಗಾಡಿ ನೋಡಿ ಹತ್ತಿರ ಬಂದು ಟ್ಯಾಂಕು ಸವರಿದ. "ಇದಕ್ಕೆ ಆಯಿಲ್ ಬೇಕಲ್ದಾ? ಈಗ ಯಾರೂ ಕೇಳಲ್ಲ. ಒಂದು ಡಬ್ಬಿ ಇರ್ಬೇಕು, ತಡೀರಿ" ಎಂದು ಒಳಗೆ ಹೋಗಿ ಹುಡುಕಿ ತಂದ. ಪದ್ಮಯ್ಯನವರ ಕ್ಯಾನಿಗೆ ಎರಡು ಲೀಟರ್ ಪೆಟ್ರೋಲ್ ಹಾಕಿಸಿದೆ. ಅಣ್ಣ ಇಳಿದು, ನೋಡಲೂಬಾರದು ಎನ್ನುವವನ ಹಾಗೆ ಬೆನ್ನು ತಿರುಗಿಸಿ ನಿಂತ.

"ನೀನೇ ಹಾಕಪ್ಪ. ನಿನ್ನ ಕೈ ನಂಬ್ಬೋದು ಅಂದ್ರಲ್ಲ" ಎಂದ, ನಗುತ್ತಾ.

ಕಣ್ಣು ತುಂಬಿ ಲೋಟದ ಗೆರೆ ಕಾಣಲಿಲ್ಲ. "ಅಣ್ಣಯ್ಯ, ನೀ ಮರ್ತಿರ್ಲಿಲ್ಲ" ಎಂದೆ.

ಅವನು ತಿರುಗಿದ. ನಾನು ಹೇಳಿದೆ. ಕೆಳದಿಗೆ ಹೋಗಿದ್ದು, ಪೆಟ್ರೋಲ್ ಮುಗಿದದ್ದು, ಗೂಡಂಗಡಿ, ಬಾಟಲಿ, ಅವರ ಹತ್ತಿರ ಎಣ್ಣೆ ಇಲ್ಲದ್ದು, ಮನೆಗೆ ಬಂದಾಗ ಅವನು ಇಲ್ಲದ್ದು, ನನಗೆ ಆಗ ಇಪ್ಪತ್ತೊಂದು ವರ್ಷ ಎಂಬುದು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಹೇಳುತ್ತಿದ್ದಂತೆ ನನಗೇ ಕೇಳಿಸುತ್ತಿತ್ತು, ಪ್ರತಿ ಮಾತೂ ಬೇರೆ ಯಾರ ಮೇಲೋ ಸ್ವಲ್ಪ ಸ್ವಲ್ಪ ಭಾರ ಇಳಿಸುತ್ತಿತ್ತು.

ಅಣ್ಣನ ಮುಖದಲ್ಲಿ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ಎಲ್ಲಿ ಇಡುವುದೆಂದು ತಿಳಿಯದ ಸಾಮಾನಿನ ಹಾಗೆ ಅಲ್ಲೇ ಉಳಿದಿತ್ತು.

"ಬೆಳಗ್ಗೆ ನಾ ಕಿಕ್ ಹೊಡಿವಾಗ ನೀ ಮಲ್ಗಿದ್ಯಾ?" ಎಂದು ಕೇಳಿದ.

"ಎಚ್ರ ಇತ್ತು."

"ಮೆಕ್ಯಾನಿಕ್ ಕೇಳ್ದಾಗ?"

"ಅಲ್ಲೇ ಇದ್ದೆ."

"ತಿಥಿಗೆ?"

ನಾನು ಲೋಟವನ್ನು ಎಣ್ಣೆಯ ಡಬ್ಬಿಯ ಪಕ್ಕ ಇಟ್ಟೆ. ಅವನು ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು, ಕಾಲು ಎಳೆಯುತ್ತಾ ಬಸ್‌ಸ್ಟ್ಯಾಂಡಿನ ಕಡೆ ನಡೆದ. ನಾನು ಗಾಡಿ ನೂಕಿಕೊಂಡು ಹಿಂದೆ ಹೋದೆ. ಅವನು ತಿರುಗಿ ನೋಡದೆ ಸಾಗರದ ಬಸ್ಸು ಹತ್ತಿದ. ಬಂಕಿಗೆ ವಾಪಸು ಬಂದು ಎಣ್ಣೆ ಅಳೆಯಲು ಹೋಗಿ ಹೊರಗೆ ಚೆಲ್ಲಿದೆ. ಕೆಲಸಗಾರನೇ ಲೋಟ ಹಿಡಿದುಕೊಂಡ. "ನಾ ಹಾಕ್ತೀನಿ, ಬಿಡಿ ಅಣ್ಣ" ಎಂದ.

ಆ ಬಸ್ಸನ್ನು ದಾರಿಯಲ್ಲಿ ಹಿಡಿದು, ಅದರ ಹಿಂದೆಯೇ ಬಂದೆ. ಮುಂದೆ ಹಾಯಲು ಜಾಗ ಸಿಕ್ಕರೂ ಹಾಯಲಿಲ್ಲ. ಮೋರಿಯ ಹತ್ತಿರ ನಿಲ್ಲಿಸಬೇಕೆಂದು ಒಮ್ಮೆ ಅನ್ನಿಸಿತು. ನಿಲ್ಲಿಸಲಿಲ್ಲ. ಅಲ್ಲಿ ನಿಂತು ಅಳುವುದು ಸುಲಭ, ಅಲ್ಲಿ ಕೇಳುವವರು ಯಾರೂ ಇರಲಿಲ್ಲ. ಮುಂದಿನ ಬಸ್ಸಿನ ಕಿಟಕಿಯೊಳಗೆ ಒಬ್ಬ ಮನುಷ್ಯ ಈಗ ಚಪ್ಪಲಿ ತೆಗೆದಿದ್ದಾನೋ ಇಲ್ಲವೋ ಎಂದಷ್ಟೇ ಯೋಚಿಸಿದೆ.

ಸಾಗರದಲ್ಲಿ ಐದು ಗಂಟೆ. ಅಣ್ಣ ಮನೆಗೆ ಹೋಗಿರಲಿಲ್ಲ. ಬಸ್‌ಸ್ಟ್ಯಾಂಡಿನ ಸಿಮೆಂಟ್ ಬೆಂಚಿನ ಮೇಲೆ, ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಗಾಡಿ ನಿಲ್ಲಿಸಿ ಅವನ ಎದುರು ಹೋಗಿ ನಿಂತೆ. ಅವನು ನನ್ನ ಮುಖ ನೋಡಲಿಲ್ಲ.

"ದಾರಿಯುದ್ದಕ್ಕೂ ಲೆಕ್ಕ ಹಾಕ್ದೆ" ಎಂದ. "ನಾನೇ ಕೊಂದೆ ಅಂತ ಎಷ್ಟು ಜನಕ್ಕೆ ಹೇಳಿದೀನಿ ಅಂತ. ಅಕ್ಕಂಗೆ, ಮಾವಂಗೆ, ಮಳಿಗೆಗೆ ಬಂದವ್ರಿಗೆ. ನನ್ನ ಹೆಂಡ್ತಿಗೆ, ಮದ್ವೆಗೆ ಮುಂಚೆನೇ. ಲೆಕ್ಕ ಸಿಗ್ಲಿಲ್ಲ ಮಂಜ. ಅವ್ರಿಗೆಲ್ಲ ಯಾರು ಹೋಗಿ ಹೇಳೋದು?"

"ನಾನೇ ಹೇಳ್ತೀನಿ."

"ಹಂಗಾದ್ರೆ ಇವತ್ತು ನಾ ಹೇಳ್ದವ್ರಿಂದ ಶುರು ಮಾಡು. ಪದ್ಮಯ್ಯನೋರಿಗೆ ಫೋನ್ ಹಚ್ಚು. ಅವ್ರು ನಿನ್ನ ಕೈ ನಂಬಿ ಗಾಡಿ ಕೊಟ್ಟವ್ರೆ."

ಹಚ್ಚಿದೆ. ಎತ್ತಿದ್ದು ಮುದುಕಿ. ಸುತ್ತ ಕಂಡಕ್ಟರುಗಳು ಸಿದ್ದಾಪುರ, ಸೊರಬ ಎಂದು ಕೂಗುತ್ತಿದ್ದರು. ಸರಿಯಾಗಿ ಕೇಳಿಸಲೆಂದು ಸ್ಪೀಕರ್ ಹಾಕಿದೆ.

"ಮುಟ್ಟಿದ್ರಾ? ಗಾಡಿ ತೊಂದ್ರೆ ಕೊಡ್ತಾ? ಇವ್ರು ಮಧ್ಯಾಹ್ನದಿಂದ ಕೂತಲ್ಲಿ ಕೂತಿಲ್ಲ ನೋಡಿ" ಎಂದರು.

"ಗಾಡಿ ಸರಿ ಇದೆ ಅಮ್ಮಾ. ನಾ ಸರಿ ಇಲ್ಲ. ಅಣ್ಣ ಎಣ್ಣೆ ಮರ್ತಿರ್ಲಿಲ್ಲ. ಹಿಂದಿನ ದಿನ ಗಾಡಿ ತಗಂಡು ಹೋಗಿ, ಎಣ್ಣೆ ಹಾಕ್ದೆ ತಂದು ನಿಲ್ಸಿದ್ದು ನಾನು. ಇವತ್ತು ನಿಮ್ಮ ಅಂಗಳದಲ್ಲೂ ಸುಮ್ನಿದ್ದೆ" ಎಂದೆ.



"ಅಣ್ಣ ಹತ್ರ ಇದಾರಾ?" ಎಂದರು.

"ಇದ್ದಾರೆ."

"ನನ್ನ ಹತ್ರ ಎಂತಕ್ಕೆ ಹೇಳ್ತೀಯ ಮಗಾ? ಅವ್ರ ಮುಖ ನೋಡಿ ಹೇಳು. ಕಥೆ ಹೇಳ್ಬೇಡ. ತಪ್ಪು ಅಂತ ಹೇಳು" ಎಂದು ಫೋನ್ ಇಟ್ಟರು.

ಅಣ್ಣ ಕೇಳಿಸಿಕೊಂಡಿದ್ದ. ಈಗ ಅವನು ತಲೆ ಎತ್ತಿದ್ದ. ನಾನು ಅವನ ಮಡಚದ ಕಾಲಿನ ಹತ್ತಿರ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತೆ. ಸ್ಟೀಲ್ ಲೋಟವನ್ನು ಬೆಂಚಿನ ಮೇಲೆ, ಅವನ ಕೈಗೆ ಸಿಗುವಲ್ಲಿ ಇಟ್ಟೆ. ಅಕ್ಕಪಕ್ಕದವರು ನೋಡುತ್ತಿದ್ದರು, ನೋಡಲಿ ಎನ್ನಿಸಿತು. ಹನ್ನೊಂದು ವರ್ಷ ಅವನು ಒಬ್ಬನೇ ಜನರ ಎದುರು ಹೇಳಿದ್ದ.

"ಅಣ್ಣಯ್ಯ, ಅಪ್ಪನ್ನ ಕಳ್ದಿದ್ದು ನೀನಲ್ಲ, ನಾನು. ಎಚ್ರ ಇದ್ರೂ ಎದ್ದು ಬರ್ಲಿಲ್ಲ. ಹನ್ನೊಂದು ವರ್ಷ ನಿನ್ನ ತಲೆ ಮೇಲೆ ಹೊರ್ಸಿ, ನೀ ಹೊರೋದನ್ನ ನೋಡ್ತಾ ನಿಂತಿದ್ದೆ. ನನ್ನಿಂದ ತಪ್ಪಾಯ್ತು."